ಎಳೆ ಕಾಣುವ ನೀರು

ಶಿಡ್ಲಘಟ್ಟದ ಪಕ್ಕದ ಮೇಲೂರಿನ ಒಂದು ಮನೆ. ಹುಳುಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಿವೆ. ಇವತ್ತು ಸೊಪ್ಪು ಹಾಕುವಂತಿಲ್ಲ, ಅಲುಗಿಸುವಂತಿಲ್ಲ. ಚಿಕ್ಕಪ್ಪನಿಗೆ ಅಪರೂಪದ ಬಿಡುವು. ಬಹಳ ವರ್ಷ ಸ್ಟುಡಿಯೋ ನಡೆಸಿ, ಈಗ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಹುಳು ಸಾಕುತ್ತಿರುವವರು. ಅಣ್ಣನ ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ, ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಒಂದನ್ನು ಕೊಂಡು ಮೂರು ತಿಂಗಳಾಗಿದೆ.

— ಚಿಕ್ಕಪ್ಪ, ಭಾನುವಾರ ಕೇತೇನಹಳ್ಳಿ ಜಲಪಾತಕ್ಕೆ ಹೋಗಿದ್ವಲ್ಲ, ಆ ಫೋಟೋ ಸ್ವಲ್ಪ ನೋಡ್ತೀರಾ? ಒಂದೂ ಮನಸ್ಸಿಗೆ ಹಿಡಿಸ್ತಿಲ್ಲ. ಅಲ್ಲಿ ನಿಂತಾಗ ಎಷ್ಟು ಚೆನ್ನಾಗಿತ್ತು! ಇದರಲ್ಲಿ ಅದ್ಯಾವುದೂ ಬಂದಿಲ್ಲ.

— ತಾ ಇಲ್ಲಿ. ಕಿಟಕಿ ಮೇಲೆ ಕನ್ನಡಕ ಐತೆ, ಕೊಡು. ಎಷ್ಟೊತ್ತಲ್ಲಿ ತೆಗೆದಿದ್ದು ಇದು?

— ಹತ್ತಿ ಹೋಗೋಷ್ಟರಲ್ಲಿ ಹನ್ನೊಂದೂವರೆ ಆಗಿತ್ತು.

— ಫೋಟೋನೇ ಹೇಳ್ತೈತೆ. ನೆತ್ತಿ ಮೇಲಿನ ಬಿಸಿಲು. ನೀರು ನೋಡು, ಗೋಡೆಗೆ ಸುಣ್ಣ ಬಳಿದಂಗೆ ಐತೆ. ಬಂಡೆ ನೋಡು, ಬೂದಿ ಮೆತ್ತಿದಂಗೆ ಬಿಳಿಚ್ಕೊಂಡೈತೆ. ನೆಂದ ಕಲ್ಲಿಗೆ ಒಂದು ಕಪ್ಪು ಇರ್ತೈತಲ್ಲ, ಎಣ್ಣೆ ಹಚ್ಚಿದ ಒಳಕಲ್ಲಿನ ಕಪ್ಪು, ಅದು ಎಲ್ಲೂ ಇಲ್ಲ. ನೀನು ಕಣ್ಣಲ್ಲಿ ಕಂಡಿದ್ದು ಹಿಂಗಾ?

— ಇಲ್ಲ ಇಲ್ಲ. ಬಂಡೆ ಕಪ್ಪಗಿತ್ತು, ಸಂದೀಲಿ ಪಾಚಿ ಇತ್ತು, ಜರಿಗಿಡ ಇತ್ತು. ನೀರು ಸಣ್ಣ ಸಣ್ಣ ಎಳೆಯಾಗಿ ಇಳೀತಿತ್ತು.

— ಎಳೆ ಅಂದ್ಯಲ್ಲ, ಆ ಮಾತು ನೆನಪಿಟ್ಕೋ, ಆಮೇಲೆ ಅಲ್ಲಿಗೇ ಬರೋಣ. ಮೊದಲು ಈ ಸುಣ್ಣದ ವಿಚಾರ. ಕ್ಯಾಮೆರಾ ಆಟೋದಲ್ಲಿ ಇಟ್ಟಿದ್ದಾ?

— ಹೂಂ. ಬೆಳಕು ಅದೇ ಅಳೆಯತ್ತಲ್ಲ ಅಂತ.

— ಅಳೀತೈತೆ. ಆದ್ರೆ ಮೀಟರಿಗೆ ಒಂದು ಚಾಳಿ ಐತೆ. ಅದರ ಮುಂದೆ ರಾಗಿಹಿಟ್ಟು ಇಡು, ಅಕ್ಕಿಹಿಟ್ಟು ಇಡು, ಎರಡನ್ನೂ ಒಂದೇ ಬೂದುಬಣ್ಣಕ್ಕೆ ತರೋಕೆ ನೋಡ್ತೈತೆ. ಬಿದ್ದ ಬೆಳಕಲ್ಲಿ ನೂರಕ್ಕೆ 18 ಪಾಲಿನಷ್ಟು ತಿರುಗಿ ಕೊಡೋ ಬೂದು ಅದು. ಎದುರಿಗಿರೋದು ಕಪ್ಪೋ ಬಿಳುಪೋ ಅದಕ್ಕೆ ಗೊತ್ತಾಗಲ್ಲ, ನಾವು ಹೇಳಿಕೊಡಬೇಕು. ನಿನ್ನ ಫೋಟೋದಲ್ಲಿ ಮುಕ್ಕಾಲು ಭಾಗ ಬಂಡೆ. ಬಂಡೆನ ಬೂದು ಮಾಡೋಕೆ ಮೀಟರು ಬೆಳಕು ಜಾಸ್ತಿ ಸುರೀತು. ಸುರಿದಿದ್ದ ಬೆಳಕಿಗೆ ನೀರು ಸುಟ್ಟೋಯ್ತು.

— ಹಾಗಾದ್ರೆ ಜಲಪಾತಕ್ಕೆ ಯಾವಾಗಲೂ ಬೆಳಕು ಕಡಿಮೆ ಮಾಡಬೇಕು.

— ಯಾವಾಗಲೂ ಅನ್ನಬೇಡ. ಅಲ್ಲೇ ಬಹಳ ಜನ ಎಡವೋದು. ಚೌಕಟ್ಟಿನ ತುಂಬ ಕಪ್ಪು ಬಂಡೆ, ನಡುವೆ ಒಂದು ಬಿಳಿ ಗೆರೆ ನೀರು ಅಂದ್ರೆ, ಒಂದು ಸ್ಟಾಪು ಇಳಿಸು, ಅಂದ್ರೆ ಬೆಳಕು ಅರ್ಧ ಮಾಡು. ಅದೇ ನೀನು ಹತ್ತಿರ ಹೋಗಿ ಬರೀ ನೀರನ್ನೇ ತುಂಬ್ಕೊಂಡೆ ಅನ್ನು, ಆಗ ಮೀಟರು ಬಿಳೀನ ಬೂದಿಗೆ ಇಳಿಸೋಕೆ ನೋಡ್ತೈತೆ, ನೀರು ಕೊಳೆಬಟ್ಟೆ ಥರ ಕಾಣ್ತೈತೆ. ಆಗ ಒಂದೂವರೆ ಸ್ಟಾಪು ಏರಿಸಬೇಕು. ಎರಡೂ ಒಂದೇ ನೀರು, ಒಂದೇ ಬೆಳಕು. ಏನು ತುಂಬ್ಕೊಂಡಿದೀಯ ಅನ್ನೋದರ ಮೇಲೆ ಲೆಕ್ಕ ತಿರುಗಾಮುರುಗಾ.

— ಸ್ಪಾಟ್ ಮೀಟರಿಂಗ್ ಅಂತ ಒಂದು ಇದೆಯಲ್ಲ, ಅದರಲ್ಲಿ ನೀರಿನ ಮೇಲೇ ಇಟ್ಟು ಅಳೆದರೆ?

— ಅದೇ ಒಳ್ಳೇದು. ನೀರಲ್ಲಿ ಬಹಳ ಬೆಳ್ಳಗಿರೋ ಜಾಗಕ್ಕೆ ಚುಕ್ಕಿ ಇಟ್ಟು ಅಳೆ. ಅಲ್ಲಿಂದ ಒಂದೂವರೆ, ಹೆಚ್ಚಂದ್ರೆ ಎರಡು ಸ್ಟಾಪು ಏರಿಸು. ಬೆಳ್ಳಗೂ ಇರ್ತೈತೆ, ಒಳಗಿನ ಮಡಿಕೆನೂ ಉಳೀತೈತೆ. ಅಮೆರಿಕದಲ್ಲಿ ಆನ್ಸೆಲ್ ಆಡಮ್ಸ್ ಅಂತ ಇದ್ರಲ್ಲ, ಅವರೂ ಫ್ರೆಡ್ ಆರ್ಚರ್ ಅನ್ನೋರೂ ಸೇರಿ 1940ರ ಆಸುಪಾಸಲ್ಲಿ ಕಟ್ಟಿದ ಲೆಕ್ಕ ಇದು. ಕಡುಗಪ್ಪಿಂದ ಹಿಡಿದು ಬರೀ ಬಿಳುಪಿನ ತನಕ ಮೆಟ್ಟಿಲು ಮಾಡಿ, ಯಾವ ವಸ್ತುನ ಯಾವ ಮೆಟ್ಟಿಲ ಮೇಲೆ ಕೂರಿಸಬೇಕು ಅಂತ ತೆಗೆಯೋನೇ ತೀರ್ಮಾನ ಮಾಡೋದು. ಮೀಟರು ನಡುಮೆಟ್ಟಿಲು ತೋರಿಸ್ತೈತೆ ಅಷ್ಟೇ. ನೀರನ್ನ ಅಲ್ಲಿಂದ ಎರಡು ಮೆಟ್ಟಿಲು ಹತ್ತಿಸಬೇಕಾದೋಳು ನೀನು.

— ಸುಟ್ಟಿರೋದನ್ನ ಆಮೇಲೆ ಕಂಪ್ಯೂಟರಲ್ಲಿ ಸರಿ ಮಾಡಕ್ಕಾಗಲ್ವಾ?

— ಬತ್ತಿದ ಬಾವಿಗೆ ಎಷ್ಟು ಹಗ್ಗ ಇಳಿಸಿದ್ರೇನು? ಡಿಜಿಟಲ್‌ನಲ್ಲಿ ಬಿಳುಪು ತುದಿ ಮುಟ್ಟಿಬಿಟ್ರೆ ಅಲ್ಲಿ ಏನೂ ಉಳಿಯಲ್ಲ. ಕತ್ತಲಲ್ಲಿ ಮುಚ್ಕೊಂಡಿರೋದನ್ನ ಒಂದಿಷ್ಟು ಮೇಲಕ್ಕೆತ್ತಬಹುದು, ರಾ ಫೈಲಲ್ಲಿ ತೆಗೆದಿದ್ರೆ ಇನ್ನೂ ಚೆನ್ನಾಗಿ. ಅದಕ್ಕೇ ಫೋಟೋ ತೆಗೆದ ತಕ್ಷಣ ಹಿಂದೆ ಸ್ಕ್ರೀನಲ್ಲಿ ನೋಡು. ಸುಟ್ಟ ಜಾಗ ಮಿಣುಕೋ ಹಂಗೆ ಒಂದು ಸೆಟ್ಟಿಂಗ್ ಇರ್ತೈತೆ, ಅದನ್ನ ಹಾಕ್ಕೋ. ನೀರು ಮಿಣುಕ್ತಿದ್ರೆ ಇನ್ನೊಂಚೂರು ಇಳಿಸು. ಒಂದೆರಡು ಹನಿ ಬಿಸಿಲಿಗೆ ಮಿಂಚಿದ್ರೆ ಬಿಡು, ಚಿಂತೆ ಇಲ್ಲ. ಇದನ್ನ ನಾನೂ ಬಹಳ ತಡವಾಗಿ ಕಲ್ತಿದ್ದು. ನಮ್ಮ ಕಾಲದಲ್ಲಿ ಪಾಠ ಉಲ್ಟಾ ಇತ್ತು.

— ಉಲ್ಟಾ ಅಂದ್ರೆ?

— ನೆಗೆಟಿವ್ ಫಿಲ್ಮಿಗೆ ಕಪ್ಪಿನ ಕಡೆ ನೋಡಿ ಬೆಳಕು ಕೊಡು, ಬಿಳುಪು ತಾನೇ ಸುಧಾರಿಸ್ಕೊಂತೈತೆ ಅಂತ ಹೇಳಿಕೊಡ್ತಿದ್ರು. ಅದು ನಿಜಾನೂ ಹೌದು. ನೆಗೆಟಿವ್‌ಗೆ ಬೆಳಕು ಜಾಸ್ತಿಯಾದ್ರೆ ಆ ಜಾಗ ದಪ್ಪಗೆ ಕಪ್ಪಾಗ್ತೈತೆ, ಆದ್ರೆ ಒಳಗೆ ವಿವರ ಕೂತಿರ್ತೈತೆ. ಪ್ರಿಂಟು ಹಾಕೋವಾಗ ಅದನ್ನ ಹೊರಗೆ ತರಬಹುದು. ಬೆಳಕು ಕಡಿಮೆಯಾಗಿ ಫಿಲ್ಮ್ ಬರೀ ಗಾಜಿನಂಗೆ ಉಳಿದ್ರೆ ಮಾತ್ರ ಗತಿ ಇಲ್ಲ. ಡಿಜಿಟಲ್‌ಗೆ ಬಿಳೀ ಕಡೆ ಕಾವಲು, ಫಿಲ್ಮಿಗೆ ಕಪ್ಪಿನ ಕಡೆ ಕಾವಲು. ನನ್ನ ಕೈ ತಿರುಗೋಕೆ ಎರಡು ವರ್ಷ ಬೇಕಾಯ್ತು.

— ಈ ಗೋಡೆ ಮೇಲಿರೋ ತಾತನ ಫೋಟೋದಲ್ಲೂ ನೀರು ಸುಣ್ಣದ ಥರಾನೇ ಇದೆಯಲ್ಲ?

— ಅದನ್ನ ಕೊನೆಗೆ ಹೇಳ್ತೀನಿ. ಮೊದಲು ನಿಂದು ಮುಗಿಸೋಣ.

— ಸರಿ. ಬೆಳಕು ಸರಿ ಮಾಡ್ಕೊಂಡ್ರೂ, ನಂದು ಇನ್ನೊಂದು ಸಂಕಟ ಇದೆ ಚಿಕ್ಕಪ್ಪ. ಕೇತೇನಹಳ್ಳಿ ನೀರು ಫೋಟೋದಲ್ಲಿ ಬಡಕಲು ಕಾಣತ್ತೆ. ನನ್ನ ಫ್ರೆಂಡು ಜೋಗದ್ದು ತೆಗೆದಿದ್ದಾಳೆ, ಅದರ ಪಕ್ಕ ಇಟ್ರೆ ನಂದು ನಲ್ಲಿ ನೀರು.

— ಜೋಗದ ಎತ್ತರ ಎಷ್ಟು?

— 253 ಮೀಟರ್.

— ಶರಾವತಿ ಮಲೆನಾಡಿನ ಮಳೆ ಹೊತ್ಕೊಂಡು ಬಂದು ಅಷ್ಟೆತ್ತರದಿಂದ ಬೀಳ್ತೈತೆ. ನಮ್ಮ ಕಡೆ ವರ್ಷಕ್ಕೆ ಬೀಳೋ ಮಳೆ ಏಳ್ನೂರು ಚಿಲ್ಲರೆ ಮಿಲಿಮೀಟರು. ಅದೂ ಹೆಚ್ಚು ಬರೋದು ಸೆಪ್ಟೆಂಬರ್, ಅಕ್ಟೋಬರಲ್ಲಿ. ನಂದಿಬೆಟ್ಟದ ಸಾಲಲ್ಲಿ ಪಾಲಾರು, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಅಂತ ಇಷ್ಟೊಂದು ನದಿ ಹುಟ್ತಾವೆ. ಹುಟ್ಟೋದು ಮಾತ್ರ ಇಲ್ಲಿ, ಮೈ ತುಂಬ್ಕೊಳ್ಳೋದು ಬೇರೆ ಕಡೆ. ನಮ್ಮದು ತೊಟ್ಟಿಲು. ತೊಟ್ಟಿಲ ಮಗೂನ ಜಟ್ಟಿ ಥರ ನಿಲ್ಲಿಸಿ ಫೋಟೋ ತೆಗೆದ್ರೆ ಬಡಕಲಾಗೇ ಕಾಣ್ತೈತೆ. ನೀನು ಮಾಡಿರೋದು ಅದೇ. ದೂರ ನಿಂತು, ಮೇಲಿನ ಆಕಾಶ, ಕೆಳಗಿನ ಜನ, ಎರಡೂ ಕಡೆ ಗುಡ್ಡ ಎಲ್ಲಾ ಹಿಡಿದಿದೀಯ. ಅಷ್ಟು ದೊಡ್ಡ ಚೌಕಟ್ಟಲ್ಲಿ ಆ ನೀರು ದಾರದ ತುಂಡು.

— ಜಲಪಾತ ಪೂರ್ತಿ ಬರಬೇಡ್ವಾ ಮತ್ತೆ?

— ಪೂರ್ತಿ ಯಾಕೆ ಬರಬೇಕು? ನಾಮಕರಣದ ಫೋಟೋ ತೆಗೆಯೋವಾಗ ಛತ್ರ ಪೂರ್ತಿ ತೆಗೀತಿದ್ನಾ ನಾನು? ಮಗೂನ ಮುಷ್ಟಿ, ಅದರೊಳಗೆ ಅಜ್ಜಿ ಬೆರಳು, ಅಷ್ಟು ಸಾಕಾಗ್ತಿತ್ತು. ಸಣ್ಣ ಜಲಪಾತದ ಹತ್ರ ಹೋಗಿ ಹತ್ತು ನಿಮಿಷ ಕ್ಯಾಮೆರಾ ಬ್ಯಾಗಲ್ಲೇ ಇಟ್ಟು ಕೂತ್ಕೋ. ನೀರು ಎಲ್ಲಿ ಕವಲು ಒಡೀತೈತೆ, ಎಲ್ಲಿ ಕಲ್ಲಿಗೆ ಬಡಿದು ಪಕ್ಕಕ್ಕೆ ಹೊರಳ್ತೈತೆ, ಎಲ್ಲಿ ಒಂದು ಗಳಿಗೆ ನಿಂತಂಗೆ ಮಾಡಿ ಮತ್ತೆ ಇಳೀತೈತೆ ನೋಡು. ಆ ಒಂದು ಜಾಗ ಸಿಕ್ತಾ, ಅದೇ ನಿನ್ನ ಫೋಟೋ. ಎರಡಡಿ ಅಗಲ ಇದ್ರೂ ಸಾಕು.

— ಆ ಜಾಗ ಸಿಕ್ಕಿದ ಮೇಲೆ?

— ನಿಮ್ಮಮ್ಮ ಬೆಳಿಗ್ಗೆ ರಂಗೋಲಿ ಹಾಕೋವಾಗ ಮೊದಲು ಏನು ಮಾಡ್ತಾಳೆ?

— ಗುಡಿಸಿ ನೀರು ಹಾಕ್ತಾಳೆ.

— ಚುಕ್ಕಿ ಇಡೋದು ಆಮೇಲೆ. ಚೌಕಟ್ಟನ್ನೂ ಹಂಗೇ ಗುಡಿಸಬೇಕು. ನಾಕು ಅಂಚಿನ ಸುತ್ತ ಕಣ್ಣಾಡಿಸು. ನಿಂದು ಇದು ನೋಡು, ಬಲಗಡೆ ಮೂಲೇಲಿ ಒಂದು ಚಿಪ್ಸ್ ಪ್ಯಾಕೆಟ್ಟು, ಎಡಗಡೆ ಯಾರದೋ ಮೊಣಕೈ, ಮೇಲೆ ಬಿಳೀ ಆಕಾಶದ ಪಟ್ಟಿ. ಆಕಾಶ ಅಷ್ಟು ಬೆಳ್ಳಗಿದ್ರೆ ಕಣ್ಣು ಮೊದಲು ಅಲ್ಲಿಗೇ ಓಡ್ತೈತೆ, ನೀರಿಗಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಕ್ಯಾಮೆರಾ ಮೂಗು ಸ್ವಲ್ಪ ಕೆಳಗೆ ಮಾಡಿದ್ರೆ ಆಕಾಶ ಹೋಗ್ತಿತ್ತು. ಪ್ಯಾಕೆಟ್ಟು ಕೈಯಲ್ಲಿ ಎತ್ಕೊಂಡು ಬರಬೇಕು, ಅದು ಫೋಟೋಗಾಗಿ ಮಾತ್ರ ಅಲ್ಲ. ಆದ್ರೆ ಗಿಡದ ಕೊಂಬೆ ಅಡ್ಡ ಬಂತು ಅಂತ ಮುರೀಬೇಡ. ಅದರ ಮನೆಗೆ ನೀನು ಹೋಗಿರೋದು, ನೀನೇ ಪಕ್ಕಕ್ಕೆ ಸರಿ.

— ನಾನು ನಿಂತೇ ತೆಗೆದಿದ್ದು ಎಲ್ಲಾ.

— ಕಾಣ್ತೈತೆ. ನಿಂತ ಎತ್ತರದಿಂದ ಸಣ್ಣ ನೀರನ್ನ ನೋಡಿದ್ರೆ ಅದು ಇನ್ನೂ ಸಣ್ಣದಾಗ್ತೈತೆ. ಮಂಡಿಯೂರು. ಲೆನ್ಸು ನೀರಿನ ಮಟ್ಟದಿಂದ ಒಂದಡಿ ಮೇಲಿರಲಿ. ಮುಂದೆ ಒಂದು ನೆಂದ ಕಲ್ಲು ಬರಲಿ, ಅದರ ಪಕ್ಕದಿಂದ ನೀರು ನಿನ್ನ ಕಡೆಗೆ ಹರಿದು ಬರಲಿ. ಆಗ ನಾಕಡಿ ನೀರೂ ನೋಡೋರ ಎದುರಿಗೆ ಎದ್ದು ನಿಂತಂಗೆ ಇರ್ತೈತೆ. ಇನ್ನೊಂದು ಮಾತು. ನೀರು ಯಾವ ಕಡೆ ಹೋಗ್ತೈತೋ ಆ ಕಡೆ ಜಾಗ ಬಿಡು. ಎಡದಿಂದ ಬಲಕ್ಕೆ ಹರೀತಿದ್ರೆ ಬಲಗಡೆ ಖಾಲಿ ಇರಲಿ. ನಿಂದು ಈ ಫೋಟೋದಲ್ಲಿ ನೀರು ಬಂದು ಚೌಕಟ್ಟಿನ ಗೋಡೆಗೆ ಮುಖ ಹೊಡ್ಕೊಂತೈತೆ.

— ಅಯ್ಯೋ, ಹೌದು. ಈಗ ಹೇಳಿದ ಮೇಲೆ ಕಾಣ್ತಿದೆ.

— ಈಗ ಎಳೆ ವಿಚಾರಕ್ಕೆ ಬಾ. ಷಟರ್ ಎಷ್ಟಿತ್ತು?

— ನೋಡ್ತೀನಿ ಇರಿ. 1/500. ಆ ಬಿಸಿಲಲ್ಲಿ ಅದೇ ಅಷ್ಟು ತಗೊಂಡಿದೆ. ಆದ್ರೆ ಇದು ನೋಡಿ, ಇದನ್ನ ಸಂಜೆ ತೆಗೆದಿದ್ದು. ನಮ್ಮ ಜೊತೆ ಬಂದಿದ್ದ ಹುಡುಗನ ಹತ್ರ ಕಪ್ಪು ಫಿಲ್ಟರ್ ಇತ್ತು, ಟ್ರೈಪಾಡ್ ಇತ್ತು. ಹತ್ತು ಸೆಕೆಂಡ್ ಬಿಟ್ವಿ. ಎಲ್ಲರೂ ರೇಷ್ಮೆ ಥರ ಬಂದಿದೆ ಅಂದ್ರು.

— ರೇಷ್ಮೆನಾ ಇದು? ಶಿಡ್ಲಘಟ್ಟದ ಪಕ್ಕ ಹುಟ್ಟಿ ಇದನ್ನ ರೇಷ್ಮೆ ಅಂತೀಯಲ್ಲ ಪಾಪ. ಇದು ಹತ್ತಿ. ಹಿಂಜಿ ಇಟ್ಟ ಹತ್ತಿ. ರೇಷ್ಮೆ ಹೆಂಗಿರ್ತೈತೆ ಅಂತ ನೀನು ನೂಲು ಬಿಚ್ಚೋ ಕಡೆ ನೋಡಿಲ್ವಾ?

— ಸಣ್ಣವಳಿದ್ದಾಗ ತಾತನ ಜೊತೆ ಗೂಡು ಹಾಕಕ್ಕೆ ಮಾರ್ಕೆಟ್ಟಿಗೆ ಹೋದಾಗ ಒಂದು ಸಲ ನೋಡಿದ್ದೆ. ಬಿಸಿನೀರಲ್ಲಿ ಗೂಡು ಕುಣೀತಿದ್ವು.

— ಇನ್ನೊಂದು ಸಲ ಹೋಗಿ ಬೆಳಕಿಗೆ ಎದುರಾಗಿ ನಿಂತು ನೋಡು. ಬೇಸಿನ್ ನೀರಲ್ಲಿ ಗೂಡು ತೇಲ್ತಿರ್ತಾವೆ. ಒಂದೊಂದು ಗೂಡಿಂದ ಒಂದೊಂದು ಎಳೆ ಏಳ್ತೈತೆ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಎಂಟು ಹತ್ತು ಗೂಡಿನ ಎಳೆ ಮೇಲೆ ಹೋಗ್ತಾ ಕೂಡ್ಕೊಂಡು ಒಂದು ನೂಲಾಗ್ತೈತೆ. ಕೂಡ್ಕೊಂಡ ಮೇಲೂ ನೂಲಿಗೆ ಒಂದು ಗೆರೆ ಐತೆ, ಬೆಳಕು ಅದರ ಮೇಲೆ ಜಾರಿ ಹೋಗ್ತೈತೆ. ರೇಷ್ಮೆ ಹೊಳಪು ಅನ್ನೋದು ಅದೇ. ಎಳೆ ಎಳೆಯಾಗಿ ಇರೋದರಿಂದಲೇ ಹೊಳಪು. ಎಲ್ಲಾ ಕಲಸಿ ಮೋಡ ಮಾಡಿದ್ರೆ ಹೊಳಪು ಹೋಯ್ತು, ನೀರಿಗೆ ಮೈಯೂ ಹೋಯ್ತು. ಅದಕ್ಕೇ ನಿನ್ನ 1/500 ಬೇಡ, ಈ ಹತ್ತು ಸೆಕೆಂಡೂ ಬೇಡ. ನಡುವೆ ಎಲ್ಲೋ ನೂಲು ಐತೆ.

— ಇದನ್ನ ಲೆಕ್ಕ ಹಾಕಬಹುದು ಚಿಕ್ಕಪ್ಪ. ಮೂರು ಮೀಟರ್ ಎತ್ತರದಿಂದ ಗಾಳಿಯಲ್ಲಿ ಬೀಳೋ ಹನಿ ಕೆಳಗೆ ಬರೋ ಹೊತ್ತಿಗೆ ಸೆಕೆಂಡಿಗೆ ಸುಮಾರು ಏಳೂಮುಕ್ಕಾಲು ಮೀಟರ್ ವೇಗದಲ್ಲಿರತ್ತೆ. 1/500 ಸೆಕೆಂಡಲ್ಲಿ ಅದು ಓಡೋದು ಒಂದೂವರೆ ಸೆಂಟಿಮೀಟರ್. ಅದಕ್ಕೇ ಹನಿ ಹನಿಯಾಗಿ, ಮರಳು ಎರಚಿದ ಹಾಗೆ ಬಂದಿರೋದು. 1/8 ಇಟ್ಟಿದ್ರೆ ಹತ್ತಿರ ಹತ್ತಿರ ಒಂದು ಮೀಟರ್ ಓಡ್ತಿತ್ತು, ಒಂದೊಂದು ಹನಿಗೂ ಒಂದೊಂದು ಗೆರೆ.

— ಹತ್ತು ಸೆಕೆಂಡಿಗೆ?

— ಮೂರು ಮೀಟರ್ ಬೀಳೋಕೆ ಒಂದು ಹನಿಗೆ ಬೇಕಾಗಿರೋದೇ ಮುಕ್ಕಾಲು ಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ. ಹತ್ತು ಸೆಕೆಂಡಲ್ಲಿ ಹನ್ನೆರಡು ಹದಿಮೂರು ಸಲ ಹೊಸ ನೀರು ಬಂದು ಹಳೇ ಗೆರೆ ಮೇಲೆ ಗೆರೆ ಎಳೆದಿರತ್ತೆ. ಎಲ್ಲಾ ಅಳಿಸಿಹೋಗತ್ತೆ.

— ನಾನು ಕೈಯಂದಾಜಲ್ಲಿ ಕಂಡ್ಕೊಂಡಿದ್ದನ್ನ ನೀನು ಲೆಕ್ಕದಲ್ಲಿ ಹೇಳ್ಬಿಟ್ಟೆ. ನನ್ನ ಅಂದಾಜು 1/8ರಿಂದ ಅರ್ಧ ಸೆಕೆಂಡ್. ಬಂಡೆಗೆ ಅಂಟ್ಕೊಂಡು ಜಾರೋ ನೀರಿಗೆ ವೇಗ ಕಡಿಮೆ, ಅದಕ್ಕೆ ಅರ್ಧ ಸೆಕೆಂಡ್ ಬೇಕಾಗ್ತೈತೆ. ಗಾಳಿಯಲ್ಲಿ ನೆಟ್ಟಗೆ ಬೀಳೋದಕ್ಕೆ 1/8, ಒಂದೊಂದು ಸಲ 1/15 ಸಾಕು. ಹೋದ ಕಡೆ ಎಲ್ಲಾ ನಾಕು ನಮೂನೇಲಿ ತೆಗೆದು ನೋಡು. ಒಂದು ಗೊತ್ತಾ, ಮೊದಮೊದಲು ಗಾಜಿನ ಪ್ಲೇಟಿಗೆ ಮದ್ದು ಬಳಿದು ಫೋಟೋ ತೆಗೀತಿದ್ದ ಕಾಲದಲ್ಲಿ ಎಲ್ಲಾ ಜಲಪಾತನೂ ಮೋಡದಂಗೇ ಬರ್ತಿತ್ತು. ಪ್ಲೇಟಿಗೆ ಸೆಕೆಂಡುಗಟ್ಟಲೆ ಬೆಳಕು ಬೇಕಾಗಿತ್ತು, ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಐತೆ.

— ಜಪಾನಿನ ಹೊಕುಸಾಯ್ ಚಿತ್ರ ನೆನಪಿಗೆ ಬರ್ತಿದೆ. ದೊಡ್ಡ ಅಲೆ ಬರೆದವನು. ಅವನು 1830ರ ದಶಕದಲ್ಲಿ ಎಂಟು ಜಲಪಾತಗಳ ಒಂದು ಮಾಲೆ ಮಾಡಿದ್ದಾನೆ. ಒಂದರಲ್ಲಿ ನೀರು ಮರದ ಬೇರಿನ ಥರ ಕವಲಾಗಿ ಇಳಿಯತ್ತೆ, ಪ್ರತಿ ಎಳೆನೂ ಎಣಿಸಬಹುದು. ಅಷ್ಟೊಂದು ಗೆರೆ ಯಾಕೆ ಅಂತ ಆಗ ನನಗೆ ಗೊತ್ತಾಗಿರಲಿಲ್ಲ.

— ತೋರಿಸು ಆಮೇಲೆ. ನೋಡಬೇಕು ಅದನ್ನ.

— ಆದ್ರೆ ಹಗಲಲ್ಲಿ 1/8 ಇಟ್ರೆ ಪೂರ್ತಿ ಬೆಳ್ಳಗಾಗಿಬಿಡತ್ತೆ.

— ಬಿಸಿಲಲ್ಲಿ ಆಗ್ತೈತೆ. ಐಎಸ್‌ಒ 100, ಅಪರ್ಚರ್ 16 ಇಟ್ರೂ ಚೆನ್ನಾಗಿ ಕಾಯ್ದ ಬಿಸಿಲಿಗೆ 1/100 ಬರ್ತೈತೆ. ಅದಕ್ಕೇ ಮೊದಲು ಬಿಸಿಲು ಬಿಡು ಅನ್ನೋದು. ಮೋಡ ಕವಿದ ದಿನ ಹೋಗು, ಇಲ್ಲಾ ಬೆಳಗಾಗ್ತಾ ಇರೋವಾಗ ಹೋಗು. ಗುಡ್ಡದ ನೆರಳಲ್ಲಿ ಅಪರ್ಚರ್ 11ಕ್ಕೆ 1/15, 1/8 ತಾನೇ ಬರ್ತೈತೆ. ಬಿಳುಪಿಗೂ ಕಪ್ಪಿಗೂ ಇರೋ ಅಂತರನೂ ಆಗ ತಗ್ಗಿರ್ತೈತೆ, ನೀರೂ ಉಳೀತೈತೆ, ಬಂಡೆನೂ ಉಳೀತೈತೆ. ದುಡ್ಡು ಹಾಕೋದಾದ್ರೆ ಕಪ್ಪು ಫಿಲ್ಟರಿಗಿಂತ ಮೊದಲು ಪೋಲರೈಸರ್ ತಗೋ. ನೆಂದ ಬಂಡೆ ಮೇಲೆ, ಎಲೆ ಮೇಲೆ ಒಂದು ಬಿಳಿ ಹೊಳಪು ಕೂತಿರ್ತೈತಲ್ಲ, ಪೋಲರೈಸರ್ ತಿರುಗಿಸ್ತಾ ಹೋದಂಗೆ ಅದು ಒರೆಸಿ ತೆಗೆದಂಗೆ ಹೋಗ್ತೈತೆ. ಒಳಗಿನ ಕಪ್ಪು, ಪಾಚಿ ಹಸಿರು ಮೇಲಕ್ಕೆ ಬರ್ತೈತೆ. ಒಂದೂವರೆ ಸ್ಟಾಪು ಬೆಳಕನ್ನೂ ತಿಂತೈತೆ, ಅದು ನಿನಗೆ ಲಾಭಾನೇ. ಪೂರ್ತಿ ಹೊಳಪು ತೆಗೀಬೇಡ ಮತ್ತೆ, ಕಲ್ಲು ಒಣಗಿದಂಗೆ ಕಾಣ್ತೈತೆ.

— ಟ್ರೈಪಾಡ್ ಬೇಕೇ ಬೇಕಾ?

— ಬೇಕು. ಇಲ್ಲಾಂದ್ರೆ ಮರಳು ತುಂಬಿದ ಒಂದು ಬಟ್ಟೆ ಚೀಲ ಬಂಡೆ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸು. ಎರಡು ಸೆಕೆಂಡ್ ಟೈಮರ್ ಹಾಕು, ಬೆರಳಿನ ಅದುರು ಹೋಗ್ತೈತೆ. ಲೆನ್ಸ್ ಒರೆಸೋಕೆ ಹಳೇ ಹತ್ತಿ ಬಟ್ಟೆ ಜೇಬಲ್ಲಿರಲಿ. ಮತ್ತೆ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಒಬ್ಬಳೇ ಕಾಲಿಡಬೇಡ. ಶ್ರೀನಿವಾಸ ಸಾಗರ ಅಣೆಕಟ್ಟಿನ ವಿಷಯ ಗೊತ್ತಲ್ಲ?

— ಗೋಡೆ ಹತ್ತಕ್ಕೆ ಹೋಗಿ ಆ ಹುಡುಗ ಬಿದ್ದಿದ್ದು. 2022ರ ಮೇ ತಿಂಗಳು. ವಿಡಿಯೋ ಎಲ್ಲರ ಮೊಬೈಲಲ್ಲೂ ಬಂದಿತ್ತು.

— ಕಲ್ಲುಕಟ್ಟಡದ ಗೋಡೆ, ಅದರ ಮೇಲೆ ನೀರು ಜಾಲರಿ ಥರ ಇಳಿಯೋದನ್ನ ನೋಡಿದ್ರೆ ಯಾರಿಗಾದ್ರೂ ಮುಟ್ಟಬೇಕು ಅನ್ನಿಸ್ತೈತೆ. ಮುಟ್ಟಬೇಕಾದ್ರೆ ಬುಡದಲ್ಲಿ ಮುಟ್ಟಬೇಕು. ಅಲ್ಲಿ ಒಳ್ಳೇ ಫೋಟೋ ಕೂಡ ಬುಡದಲ್ಲೇ ಸಿಗೋದು, ಒಂದು ಪಕ್ಕದಿಂದ. ಒಂದೊಂದು ಕಲ್ಲಿನ ಅಂಚಿಗೂ ನೀರು ಎಡವಿ ಎಡವಿ ಇಳಿಯೋದು ಪಕ್ಕದಿಂದ ನೋಡಿದ್ರೇನೇ ಕಾಣೋದು.

— ನಮ್ಮೂರಲ್ಲಿ ಜಲಪಾತ ಇಲ್ಲ ಅಂತ ನಾನು ಅಷ್ಟು ದೂರ ಹೋಗಿದ್ದು.

— ನಮ್ಮ ಸೀಮೆ ಜಲಪಾತ ಅಂದ್ರೆ ಕೆರೆ ಕೋಡಿ ಕಣಮ್ಮ. ಬೆಟ್ಟದ ಮೇಲಿಂದ ನೀರು ಬೀಳೋ ಭಾಗ್ಯ ನಮಗೆ ಕಡಿಮೆ. ನಮ್ಮ ಹಿರೀಕರು ಕೆರೆ ಕಟ್ಟಿ, ತುಂಬಿದ ಮೇಲೆ ಹೆಚ್ಚಾದ ನೀರು ಹೋಗೋಕೆ ಕಲ್ಲು ಕೂರಿಸಿದ್ರು. ಆ ಕಲ್ಲಿನ ಮೇಲಿಂದ ನಾಕಡಿ ನೀರು ಇಳಿಯೋದನ್ನ ನೋಡೋಕೆ ಊರಿಗೆ ಊರೇ ಹೋಗ್ತಿತ್ತು. 2021ರ ನವೆಂಬರ್ ಮಳೆಗೆ ಚಿಕ್ಕಬಳ್ಳಾಪುರ, ಕೋಲಾರ ಕಡೆ ಎಷ್ಟು ಕೆರೆ ಕೋಡಿ ಹರಿದ್ವು, ನೆನಪೈತಾ? ಅದೆಷ್ಟೋ ವರ್ಷ ಆದಮೇಲೆ ಬಂದಿತ್ತು ಆ ನೀರು. ಹೆಂಗಸರು ಅರಿಶಿನ ಕುಂಕುಮ ತಗೊಂಡು ಓಡಿದ್ರು. ಅವತ್ತು ಎಲ್ಲರ ಕೈಲೂ ಮೊಬೈಲ್ ಇತ್ತು, ಎಲ್ಲರೂ ತೆಗೆದ್ರು. ಅದರಲ್ಲಿ ನೀರು ನೀರಾಗಿ ಉಳಿದಿರೋ ಫೋಟೋ ಎಷ್ಟಿರಬಹುದು ಅಂತ ನನಗೆ ಯೋಚನೆ. ಮತ್ತೆ ಯಾವಾಗ ಬರ್ತೈತೋ ಗೊತ್ತಿಲ್ಲದ ನೀರು. ಅದನ್ನ ಸುಣ್ಣ ಮಾಡಿ ಇಡೋಕೆ ಹೆಂಗೆ ಮನಸ್ಸು ಬರ್ತೈತೆ?

— ಈಗ ಹೆಬ್ಬಾಳ-ನಾಗವಾರ ವ್ಯಾಲಿ ನೀರು ಕೆರೆಗಳಿಗೆ ಬರ್ತಿದೆಯಲ್ಲ. ಅದರಿಂದ ಹರಿಯೋ ಕಡೇನೂ ತೆಗೀಬಹುದಾ?

— ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸೋ ನೀರು ಅದು. ಬೋರ್‌ವೆಲ್ಲಿಗೆ ಆಸರೆ ಅನ್ನೋರೂ ಅವ್ರೆ, ಇನ್ನೊಂದು ಹಂತ ಶುದ್ಧ ಮಾಡಿ ಅಂತ ಹೋರಾಟ ಮಾಡೋರೂ ಅವ್ರೆ. ತೆಗಿ, ಬೇಡ ಅನ್ನಲ್ಲ. ಆದ್ರೆ ಬಿಳುಪು ನೋಡ್ಕೊಂಡು ತೆಗಿ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಇಂಥದ್ದೇ ಇನ್ನೊಂದು ಯೋಜನೆಯ, ಕೆ.ಸಿ. ವ್ಯಾಲಿಯ, ನೀರು ಬಂದಾಗ ನೊರೆ ಎದ್ದಿತ್ತಲ್ಲ, ಆ ನೊರೆನ ಎರಡು ಸೆಕೆಂಡ್ ಷಟರಲ್ಲಿ ತೆಗೆದ್ರೆ ಹಿಮದ ಸುಳಿಯಂಗೆ ಎಷ್ಟು ಚಂದ ಬರ್ತಿತ್ತು ಗೊತ್ತಾ? ಅಲ್ಲಿ ಚಂದ ಮಾಡಬಾರದು. ನೊರೆ ಇದ್ದ ಕಡೆ 1/500 ಇಡು. ಗುಳ್ಳೆ ಗುಳ್ಳೆಯಾಗಿ ಕಾಣಲಿ.

— ಈಗ ತಾತನ ಫೋಟೋ ಕಥೆ ಹೇಳಿ.

— ಹೇಳೋದೇನು. ನೀನಿನ್ನೂ ಕೈಗೂಸು. ಕೆರೆ ಕೋಡಿ ಬಿತ್ತು ಅಂತ ಅಪ್ಪ ಬೆಳಿಗ್ಗೆನೇ ಎಬ್ಬಿಸಿದ್ರು, ಕ್ಯಾಮೆರಾ ತಗೊಂಡು ಬಾ ಅಂತ. ಪೆಂಟಾಕ್ಸ್ ಕೆ1000 ಇತ್ತು, ಒಳಗೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಕಪ್ಪು-ಬಿಳುಪು ರೋಲು. ಕೊನೇ ಎರಡು ಫ್ರೇಮ್ ಉಳಿದಿತ್ತು. ಅಪ್ಪ ಪಂಚೆ ಎತ್ತಿಕಟ್ಟಿ ಕೋಡಿ ಕಲ್ಲಿನ ಪಕ್ಕ ನಿಂತ್ರು. ಅಪ್ಪನ ಮುಖಕ್ಕೆ ಅಳತೆ ಕೊಟ್ಟು ತೆಗೆದೆ. ಫಿಲ್ಮಿಗೆ ಅದೇ ಸರಿ. ತಪ್ಪಾಗಿದ್ದು ಆಮೇಲೆ. ಡೆವಲಪ್ ಮಾಡಿ ಇಟ್ಟಿದ್ದೆ, ಪ್ರಿಂಟು ಹಾಕಿರಲಿಲ್ಲ, ನಾಳೆ ಹಾಕೋಣ ನಾಳೆ ಹಾಕೋಣ ಅಂತ ವರ್ಷಗಳೇ ಆದ್ವು. ಅಪ್ಪ ಹೋದ ದಿನ ಫೋಟೋ ಬೇಕು ಅಂದ್ರು. ಮುಖ ಕಂಡ್ರೆ ಸಾಕು ಅಂತ ರಾತ್ರಿ ಡಾರ್ಕ್‌ರೂಮಲ್ಲಿ ಒಂದು ಪ್ರಿಂಟು ಹಾಕಿದೆ. ನೀರಿನ ಕಡೆಗೆ ಕೈಯಿಂದ ದಾರಿ ಬಿಟ್ಟು ಇನ್ನೊಂದು ಹತ್ತು ಸೆಕೆಂಡ್ ಬೆಳಕು ಕೊಟ್ಟಿದ್ರೆ ನೀರೂ ಬರ್ತಿತ್ತು. ಅವತ್ತು ಕೈ ನಡುಗ್ತಿತ್ತು, ಕೊಡಲಿಲ್ಲ. ಆಮೇಲೆ ಪ್ರಿಂಟು ಹಾಕೋ ಎನ್ಲಾರ್ಜರೂ ಹೋಯ್ತು. ಅಪ್ಪ ನನ್ನ ಕರೆದಿದ್ದು ಕೋಡಿ ನೀರಿನ ಫೋಟೋಗೆ. ಗೋಡೆ ಮೇಲೆ ನೀರೇ ಇಲ್ಲ.

— ನೆಗೆಟಿವ್ ಇದೆಯಾ?

— ಬೀರು ಕೆಳಗಡೆ ಬಿಸ್ಕತ್ ಡಬ್ಬಿ ಐತೆ ನೋಡು. ಬಟರ್ ಪೇಪರ್ ಕವರಲ್ಲಿ. ಅಂಚು ಹಿಡ್ಕೋ, ಮಧ್ಯೆ ಬೆರಳು ತಾಗಿಸಬೇಡ.

— ಇದೇನಾ? ನೀರಿನ ಜಾಗ ಇದ್ದಲು ಥರ ಇದೆ ಚಿಕ್ಕಪ್ಪ. ಬೆಳಕೇ ತೂರ್ತಿಲ್ಲ.

— ಕಿಟಕಿ ಹತ್ರ ಹಿಡಿ.

— ಇರಿ, ಮೊಬೈಲಲ್ಲಿ ಬರೀ ಬಿಳೀ ಸ್ಕ್ರೀನ್ ಹಾಕ್ತೀನಿ. ಸ್ಕ್ರೀನಿನ ಚುಕ್ಕಿ ಬರಬಾರದು, ಎರಡು ಪುಸ್ತಕದ ಮಧ್ಯೆ ಇದನ್ನ ಸ್ವಲ್ಪ ಎತ್ತರದಲ್ಲಿ ಇಡ್ತೀನಿ. ಮೇಲಿಂದ ಕ್ಯಾಮೆರಾ. ದಪ್ಪ ಇರೋ ಕಡೆಗೆ ಬೆಳಕು ಜಾಸ್ತಿ ಕೊಟ್ಟು ಒಂದು, ಮುಖಕ್ಕೆ ಕಡಿಮೆ ಕೊಟ್ಟು ಒಂದು. ಎರಡು ಸೆಕೆಂಡ್ ಟೈಮರ್... ಆಯ್ತು. ಈಗ ಲ್ಯಾಪ್‌ಟಾಪಿಗೆ ಹಾಕಿ ಕಪ್ಪು-ಬಿಳುಪು ತಿರುಗಿಸ್ತೀನಿ.

— ಏನಾದ್ರೂ ಬಂತಾ?

— ಬರ್ತಿದೆ. ಇನ್ನೊಂಚೂರು ಇಳಿಸ್ತೀನಿ. ನೋಡಿ, ನೋಡಿ ಇಲ್ಲಿ! ಎಳೆ!

— ಎಲ್ಲಿ, ಸರಿ ಆ ಕಡೆ.

— ಇಲ್ಲಿ ಕಲ್ಲಿನ ಮೇಲಿಂದ ಬಂದು, ಇಲ್ಲಿ ಮೂರಾಗಿದೆ. ಇದು ಮತ್ತೆ ಕೂಡ್ಕೊಂಡಿದೆ. ಷಟರ್ ಎಷ್ಟಿಟ್ಟಿದ್ರಿ?

— ಮೋಡ ಇತ್ತು ಅವತ್ತು. 1/30 ಇರಬೇಕು. ಅಪ್ಪನ್ನ ಅಲುಗಾಡಬೇಡಿ ಅಂದಿದ್ದೆ. ಅದೇನದು, ಆ ಎಳೆ ನಡುವೆ? ಕಲ್ಲಾ?

— ಕಲ್ಲಲ್ಲ. ದೊಡ್ಡದು ಮಾಡ್ತೀನಿ. ಚಿಕ್ಕಪ್ಪ, ಇದು ತಾತನ ಕೈ.

— ಗೋಡೆ ಫೋಟೋದಲ್ಲಿ ಎಡಗೈ ಮೊಣಕೈಗೇ ನಿಂತೋಗೈತೆ. ಹಿಂದಕ್ಕೆ ಕಟ್ಕೊಂಡವ್ರೆ ಅಂತಲೇ ನಾನು ತಿಳ್ಕೊಂಡಿದ್ದೆ ಇಷ್ಟು ದಿನ.

— ನೀರಿಗೆ ಒಡ್ಡಿದ್ದಾರೆ. ಬೊಗಸೆ ಅಲ್ಲ, ಬೆರಳು ಬಿಡಿಸಿ. ಬೆರಳ ಸಂದಿಯಿಂದ ನಾಕು ಎಳೆಯಾಗಿ ಇಳೀತಿದೆ ನೋಡಿ.

— ಗೂಡಿನ ಎಳೆ ನೋಡೋವಾಗಲೂ ಹಂಗೇ ಬೆರಳು ಬಿಡಿಸಿ ಹಿಡೀತಿದ್ರು. ಸಾಕು, ಇನ್ನೂ ದೊಡ್ಡದು ಮಾಡಬೇಡ, ಒಡೀತೈತೆ. ಇದನ್ನ ಪ್ರಿಂಟು ಹಾಕ್ಸು. ಮುಖಕ್ಕೆ ಈಗಿರೋಷ್ಟೇ ಇರಲಿ. ನೀರಿಗೆ ಇನ್ನೊಂದು ಕಾಲು ಸ್ಟಾಪು ಇಳಿಸು, ಉಗುರು ಕಾಣೋ ಹಂಗೆ.